ಒಂದು ಮಿಲಿಲೀಟರ್ ಸಲೈನ್: ಬೆನ್ನಿನ ಇಂಜೆಕ್ಷನ್ ಚರ್ಚೆಯಲ್ಲಿ ಉಳಿದುಬಂದ ಒಂದು ತಪ್ಪು ಓದು

ಎಪಿಡ್ಯೂರಲ್ ಸ್ಟಿರಾಯ್ಡ್ ಇಂಜೆಕ್ಷನ್ನಿನ ಸಮರ್ಥಕರು ಮುಂಬೈಯಲ್ಲೂ ಒಂದು ವಾದವನ್ನು ಮುಂದಿಡುತ್ತಾರೆ. ಪ್ರಯೋಗಗಳಲ್ಲಿ ಹೋಲಿಕೆಗೆಂದು ಬೆನ್ನುಹುರಿಯ ಪೊರೆಯ ಹೊರಗೆ ಹಾಕಿದ ಸಲೈನ್ ಕೂಡ ನರದ ಊತವನ್ನು ತೊಳೆದು ನೋವು ತಗ್ಗಿಸುತ್ತದೆ, ಆದ್ದರಿಂದ 'ವ್ಯತ್ಯಾಸವಿಲ್ಲ' ಎಂಬ ತೀರ್ಪು ಸ್ಟಿರಾಯ್ಡಿಗೆ ಆದ ಅನ್ಯಾಯ ಎನ್ನುವುದು ಆ ವಾದ. ಇದಕ್ಕೆ ಮುಖ್ಯ ಸಾಕ್ಷಿಯಾಗಿ ಎಳೆದುತರುವುದು ಸಂಶೋಧಕ ಕ್ಯಾರೆಟ್ ಅವರ 1997ರ ಪ್ರಯೋಗವನ್ನು. ಆ ಪ್ರಯೋಗವೇ ಈ ವಾದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದು ನನ್ನ ನಿಲುವು.

ವಾದಕ್ಕೆ ಇತಿಹಾಸದ ಆಸರೆ ಇದೆ, ಅದನ್ನು ಒಪ್ಪಲೇಬೇಕು. 1901ರಲ್ಲಿ ಪ್ಯಾರಿಸ್ಸಿನ ಸಿಕಾರ್ ಮತ್ತು ಕ್ಯಾಥಲೆನ್ ಪೊರೆಯ ಹೊರಗಿನ ಇದೇ ಜಾಗಕ್ಕೆ ಕೊಕೇನ್ ದ್ರಾವಣ ಹಾಕಿದರು. 1930ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿಲಿಯಂ ಇವಾನ್ಸ್, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು) ರೋಗಿಗಳಿಗೆ ದೊಡ್ಡ ಪ್ರಮಾಣದ ದ್ರವ ಹಾಯಿಸಿದ್ದನ್ನು ವರದಿ ಮಾಡಿ, ಗುಣ ಬಂದದ್ದು ಅರಿವಳಿಕೆಯಿಂದಲ್ಲ, ದ್ರವದ ಒತ್ತಡ ನರಗಳನ್ನು ಅಲುಗಿಸಿದ್ದರಿಂದ ಎಂದು ಭಾವಿಸಿದರು. ಈ ಜಾಗಕ್ಕೆ ಸ್ಟಿರಾಯ್ಡ್ ಬಂದದ್ದು 1950ರ ದಶಕದಲ್ಲಿ. ಅಂದರೆ ಸ್ಟಿರಾಯ್ಡಿಲ್ಲದ ದ್ರವದ ಚಿಕಿತ್ಸೆಗೆ ಅದಕ್ಕಿಂತ ಹಿಂದಿನ ಅರ್ಧ ಶತಮಾನದ ಚರಿತ್ರೆಯಿದೆ. ಸ್ಟಿರಾಯ್ಡ್ ವಿರೋಧಿಗಳು ಇದನ್ನು ಓದದೆ ಬರೆಯುವುದು ನನಗೆ ಸಹ್ಯವಲ್ಲ.

ಆದರೆ ಇವಾನ್ಸ್‌ರ ಹೆಸರು ಹೇಳುವವರು ಕ್ಯಾರೆಟ್ ಲೇಖನದ ವಿಧಾನವನ್ನಾದರೂ ಓದಬೇಕಿತ್ತು. ಕೆನಡಾದಲ್ಲಿ ಡಿಸ್ಕ್ ಜಾರಿ ಸಯಾಟಿಕಾ ಬಂದ 158 ಜನರ ಮೇಲೆ ನಡೆದ ಪ್ರಯೋಗವದು. ಒಂದು ಗುಂಪಿಗೆ 80 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ 8 ಮಿಲಿಲೀಟರ್ ಸಲೈನಿನಲ್ಲಿ, ಇನ್ನೊಂದಕ್ಕೆ ಬರಿ ಸಲೈನ್, ಅದೂ 1 ಮಿಲಿಲೀಟರ್. ಇವಾನ್ಸ್‌ರ ದೊಡ್ಡ ಪ್ರಮಾಣವೆಲ್ಲಿ, ಈ 1 ಮಿಲಿಲೀಟರ್ ಎಲ್ಲಿ? ಇಷ್ಟು ದ್ರವ ನರವನ್ನು ತೊಳೆಯಿತು ಎನ್ನುವುದಾದರೆ 8 ಮಿಲಿಲೀಟರ್ ಇನ್ನೂ ಚೆನ್ನಾಗಿ ತೊಳೆದಿರಬೇಕು. ಪ್ರಮಾಣದ ಈ ಅಸಮತೆ ಸ್ಟಿರಾಯ್ಡ್ ಗುಂಪಿನ ಕಡೆಗೇ ವಾಲಿತ್ತು. ಆದರೂ ಮೂರು ತಿಂಗಳಿಗೆ ಎರಡೂ ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ವರ್ಷದೊಳಗೆ ಶಸ್ತ್ರಚಿಕಿತ್ಸೆಯ ಸಂಭವ ಸ್ಟಿರಾಯ್ಡ್ ಗುಂಪಿನಲ್ಲಿ ಶೇ. 25.8, ಸಲೈನ್ ಗುಂಪಿನಲ್ಲಿ ಶೇ. 24.8.

ವಿರೋಧಿಗಳ ಓದೂ ಪೂರ್ಣವಲ್ಲ. ಆರು ವಾರಗಳಲ್ಲಿ ಸ್ಟಿರಾಯ್ಡ್ ಪಡೆದವರ ಕಾಲುನೋವು ಹೆಚ್ಚು ಇಳಿದಿತ್ತು. ಅದು ಮದ್ದಿನ ಫಲವೋ ಹೆಚ್ಚುವರಿ 7 ಮಿಲಿಲೀಟರಿನ ಫಲವೋ ಈ ಪ್ರಯೋಗದಿಂದ ಹೇಳಲಾಗದು. ಸೂಜಿಯನ್ನು ಎಕ್ಸ್‌ರೇ ನೋಡಿಕೊಂಡು ಕೂರಿಸಿರಲಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ (ಅದನ್ನು ಎತ್ತುವವರು ತಮ್ಮಲ್ಲಿ ಸಿ-ಆರ್ಮ್ ಎಕ್ಸ್‌ರೇ ಯಂತ್ರವಿಲ್ಲದೆ ಸೂಜಿ ಹಾಕುವುದನ್ನೂ ನಿಲ್ಲಿಸಬೇಕು).

ಮದ್ದನ್ನೂ ದ್ರವವನ್ನೂ ಬೇರ್ಪಡಿಸಿ ನೋಡಿದ್ದು 2010ರಲ್ಲಿ ಆಸ್ಟ್ರೇಲಿಯಾದ ಗಹ್ರೆಮಾನ್, ಫರ್ಚ್, ಬೊಗ್ಡಕ್. 150 ಜನರನ್ನು ಐದು ಗುಂಪು ಮಾಡಿದರು. ತಿಂಗಳಲ್ಲಿ ನೋವು ಅರ್ಧಕ್ಕಿಳಿದದ್ದು ನರದ ಬುಡಕ್ಕೆ ಸ್ಟಿರಾಯ್ಡ್ ಹಾಕಿಸಿಕೊಂಡವರಲ್ಲಿ ಶೇ. 54 ಮಂದಿಗೆ, ಅದೇ ಜಾಗಕ್ಕೆ ಸಲೈನ್ ಪಡೆದವರಲ್ಲಿ ಶೇ. 19ಕ್ಕೆ, ಸ್ನಾಯುವಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಶೇ. 21ಕ್ಕೆ. ಸ್ಟಿರಾಯ್ಡ್ ಪಕ್ಷದವರಿಗೆ ಬೇಕಿದ್ದ ಸಾಕ್ಷಿ ಇದು. ಅದನ್ನು ಬಿಟ್ಟು ಸಲೈನಿನ ಮಹಿಮೆ ಹೇಳುವುದೇಕೆ? ಇದೂ ಡಿಸ್ಕ್ ಜಾರಿದವರ ಕಾಲುನೋವಿಗೆ ಮಾತ್ರ; ವಯಸ್ಸಾದವರ ಬೆನ್ನುಹುರಿ ನಾಳದ ಸಂಕೋಚಕ್ಕಲ್ಲ. ಅಲ್ಲಿ 2014ರ ಅಮೆರಿಕದ 400 ಜನರ ಪ್ರಯೋಗದಲ್ಲಿ, ಎಕ್ಸ್‌ರೇ ನೆರವಿದ್ದೂ, ಅರಿವಳಿಕೆಯ ಲಿಡೊಕೇನಿಗೆ ಸ್ಟಿರಾಯ್ಡ್ ಬೆರೆಸಿದ್ದರಿಂದ ಆರು ವಾರಕ್ಕೆ ಗಣನೀಯ ಲಾಭ ಸಿಗಲಿಲ್ಲ.

ನೋವಿನ ಇಂಜೆಕ್ಷನ್ ಎಂದರೆ ಎಲ್ಲವೂ ಒಂದೇ ಅಲ್ಲ: ಮುಂಬೈ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಕ್ಯಾನ್ಸರ್ ನೋವಿಗೆ ನರಗಳನ್ನು ಮರಗಟ್ಟಿಸಿ ಕೊಡುವ ಉಪಶಮನ ಬೇರೆಯೇ ವಿದ್ಯೆ. ಅದರ ಕೀರ್ತಿಯನ್ನು ಸೊಂಟನೋವಿನ ಇಂಜೆಕ್ಷನ್ನಿಗೆ ಹಂಚಬಾರದು.

ಹೋಟೆಲಿನ ಅಡುಗೆಮನೆಯಲ್ಲಿ ಹಗಲೆಲ್ಲ ನಿಂತು, ರಾತ್ರಿ ಡೊಂಬಿವಲಿಯ ಲೋಕಲ್ ರೈಲು ಹಿಡಿಯುವವನಿಗೆ ಆರು ವಾರಗಳ ನೆಮ್ಮದಿ ಸಣ್ಣದಲ್ಲ. ಸಂಬಳ ಕಳೆಯದೆ ಆ ಅವಧಿ ದಾಟಬಹುದು. ಆದರೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ ಎಂದು ನಂಬಿಸಿ ಕೈಯಿಂದ ಹಣ ತೆರುವಂತೆ ಮಾಡಿದರೆ ಅದು ಬೇರೆ ಮಾತು. ಮುಂಬೈಯ ಕೆ.ಇ.ಎಂ., ಸಯನ್ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳಿಗೆ ಕೊರತೆಯಿಲ್ಲ. ಎರಡೂ ಗುಂಪಿಗೆ ಸಮಪ್ರಮಾಣದ ದ್ರವ, ಸಿ-ಆರ್ಮ್ ಕೆಳಗೆ, ಆರು ವಾರ ಮತ್ತು ಮೂರು ತಿಂಗಳ ಲೆಕ್ಕದೊಂದಿಗೆ, ಕೆಲಸಕ್ಕೆ ಮರಳಿದ ದಿನವನ್ನೂ ಬರೆದಿಡುವ ಪ್ರಯೋಗವನ್ನು ಇಲ್ಲಿಯೇ ನಡೆಸಬೇಕು.