ಅತಿಥಿಯೇ ಯಜಮಾನ

ಅಮೆರಿಕದ ಕಪ್ಪು ಜನರ ಬಾಳಿನಲ್ಲಿ ಹುಟ್ಟಿದ ಬ್ಲೂಸ್ ಸಂಗೀತಕ್ಕೆ 1960ರ ದಶಕದಲ್ಲಿ ರಾಕ್‌ನ ಅಬ್ಬರ ಸೇರಿತು. ಬಿಳಿಯ ಯುವಕರ ತಂಡಗಳು ಹೆಸರು, ಹಣ ಎರಡನ್ನೂ ಗಳಿಸಿದವು. ಮೂಲ ಗಾಯಕರಿಗೆ ದಕ್ಕಿದ್ದೇನು?

ಲಾಸ್ ಏಂಜಲೀಸ್‌ನ ‘ಕ್ಯಾನ್ಡ್ ಹೀಟ್’ ತಂಡ ಈ ಋಣವನ್ನು ಮರೆಯಲಿಲ್ಲ. 1970ರ ಮೇ ತಿಂಗಳಲ್ಲಿ ಅದು ಮಿಸಿಸಿಪ್ಪಿ ಮೂಲದ ಜಾನ್ ಲೀ ಹೂಕರ್ ಅವರೊಡನೆ ‘ಹೂಕರ್ ಎನ್ ಹೀಟ್’ ಎಂಬ ಜೋಡಿ ಆಲ್ಬಮ್ ಮುದ್ರಿಸಿತು. ಹೆಸರಿನಲ್ಲೂ ಅತಿಥಿಗೇ ಅಗ್ರಸ್ಥಾನ. ಆರಂಭದ ಹಾಡುಗಳಲ್ಲಿ ಹೂಕರ್ ಒಬ್ಬರೇ: ಕಂಠ, ಗಿಟಾರ್ ಮತ್ತು ನೆಲಕ್ಕೆ ಬಡಿಯುವ ಪಾದ. ಇಡೀ ತಂಡ ಜೊತೆಗೂಡುವುದು ಕೊನೆಯ ಭಾಗದಲ್ಲಿ.

ಹೂಕರ್ ಲೆಕ್ಕದ ತಾಳಕ್ಕೆ ಕಟ್ಟುಬೀಳುವವರಲ್ಲ. ಮನಸ್ಸು ಬಂದಾಗ ಸ್ವರ ಬದಲಿಸುವವರು. ಪಕ್ಕವಾದ್ಯಕ್ಕೆ ಕುಳಿತವರಿಗೆ ಅದೊಂದು ಅಗ್ನಿಪರೀಕ್ಷೆ. ತಂಡದ ಆಲನ್ ವಿಲ್ಸನ್ ಮಾತ್ರ ನೆರಳಿನಂತೆ ಹಿಂಬಾಲಿಸಿದರು. ಹಿರಿಯ ಗಾಯಕ ಸನ್ ಹೌಸ್ ತಮ್ಮದೇ ಹಾಡುಗಳನ್ನು ಮರೆತಿದ್ದಾಗ ಮತ್ತೆ ಕಲಿಯಲು ನೆರವಾದವರೂ ಇದೇ ವಿಲ್ಸನ್.

1970ರ ಸೆಪ್ಟೆಂಬರ್ 3ರಂದು ವಿಲ್ಸನ್ 27ನೇ ವಯಸ್ಸಿಗೇ ತೀರಿಕೊಂಡರು. 1971ರಲ್ಲಿ ಆಲ್ಬಮ್ ಹೊರಬಂತು. ಎರಡು ದಶಕ ಹಾಡಿದ್ದ ಹೂಕರ್ ಅವರ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿ ಸೇರಿದ್ದು ಅದೇ ಮೊದಲು. ಅದರ ಹೊದಿಕೆಯಲ್ಲಿ ಹೂಕರ್ ಮತ್ತು ತಂಡದವರಿದ್ದಾರೆ. ವಿಲ್ಸನ್ ಇರುವುದು ಗೋಡೆಗೆ ತೂಗುಹಾಕಿದ ಚೌಕಟ್ಟಿನೊಳಗೆ.