ನಾಣ್ಯವನ್ನು ಓದುವುದು ಹೇಗೆ?



ಇತಿಹಾಸವೆಂದರೆ ರಾಜರ ಹೆಸರು ಮತ್ತು ಯುದ್ಧಗಳ ಇಸವಿ ಎಂದುಕೊಂಡು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುವವರೇ ಹೆಚ್ಚು. ಆದರೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ನಾಣ್ಯವೂ ಇತಿಹಾಸದ ಸಾಕ್ಷಿಯೇ. ಸರಿಯಾದ ಪ್ರಶ್ನೆ ಕೇಳಿದವರಿಗೆ ಅದು ಉತ್ತರ ಕೊಡುತ್ತದೆ. ರೋಮನ್ ಆಳ್ವಿಕೆಯ ಈಜಿಪ್ಟಿನ ಬೆಳ್ಳಿ ನಾಣ್ಯ ಇದಕ್ಕೆ ಒಳ್ಳೆಯ ಉದಾಹರಣೆ.

ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮನ್ನರ ವಶವಾಯಿತು. ರೋಮ್‌ನ ಬೆಳ್ಳಿ ನಾಣ್ಯ ದಿನಾರಿಯಸ್. ಅದರ ಬರಹ ಲ್ಯಾಟಿನ್. ಈಜಿಪ್ಟಿನಲ್ಲಾದರೋ ಅಲೆಕ್ಸಾಂಡ್ರಿಯದ ಟಂಕಸಾಲೆಯಲ್ಲಿ ಅಚ್ಚಾದ, ಗ್ರೀಕ್ ಬರಹದ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮಗಳ ನಾಣ್ಯ, ಚಲಾವಣೆಯಲ್ಲಿತ್ತು. ಹೀಗೆ ಪ್ರಾಂತ್ಯಗಳಲ್ಲಿ ಅಚ್ಚಾದವು ಪ್ರಾಂತೀಯ ನಾಣ್ಯಗಳು. ನಮಗೆ ಪರಿಚಿತವಾದ ದೀನಾರ್ ಮತ್ತು ದಿರ್ಹಮ್ ಪದಗಳ ಮೂಲವೂ ಈ ದಿನಾರಿಯಸ್ ಮತ್ತು ಡ್ರಾಕ್ಮಗಳೇ.

ಮೊದಲ ಪ್ರಶ್ನೆ: ಯಾವ ವರ್ಷದ್ದು? ನಾಣ್ಯದ ಮೇಲೆ ಆಂಗ್ಲ 'ಎಲ್' ಅಕ್ಷರದಂತಹ ಗುರುತು ಕಂಡರೆ ಅದು 'ವರ್ಷ' ಎಂಬುದರ ಸಂಕೇತ. ಅದರ ಮುಂದಿನ ಗ್ರೀಕ್ ಅಕ್ಷರಗಳೇ ಅಂಕಿಗಳು. ಉರ್ದು ಓದುವವರಿಗೆ ಇದು ಸುಲಭ. ನಮ್ಮ ಅಬ್ಜದ್ ಎಣಿಕೆಯಲ್ಲಿ ಅಲಿಫ್ 1, ಬೇ 2, ಯೇ 10 ಇದ್ದಂತೆ ಅಲ್ಲಿ ಆಲ್ಫಾ 1, ಬೀಟಾ 2, ಐಯೋಟಾ 10. ನೀರೋ ನಾಣ್ಯದಲ್ಲಿ ಐಯೋಟಾ, ಬೀಟಾ ಇದ್ದರೆ ಅದು ಅವನ ಆಳ್ವಿಕೆಯ 12ನೇ ವರ್ಷ, ಎಂದರೆ ಕ್ರಿ.ಶ. 65-66.

ಎರಡನೆಯ ಪ್ರಶ್ನೆ: ಅಧಿಕಾರ ಯಾರದು? ಕ್ರಿ.ಶ. 270ರಲ್ಲಿ ಸಿರಿಯಾದ ಪಾಲ್ಮೈರಾದ ರಾಣಿ ಝೆನೋಬಿಯಾಳ ಸೇನೆ ಈಜಿಪ್ಟನ್ನು ಹಿಡಿಯಿತು. ಆಗಿನ ನಾಣ್ಯದ ಒಂದು ಕಡೆ ರೋಮ್ ಚಕ್ರವರ್ತಿ ಔರೇಲಿಯನ್, ಇನ್ನೊಂದು ಕಡೆ ರಾಣಿಯ ಮಗ ವಬಲ್ಲಾಥಸ್. ಚಕ್ರವರ್ತಿಗೆ 1ನೇ ವರ್ಷವಾದರೆ ಬಾಲಕನಿಗೆ ಆಗಲೇ 4ನೇ ವರ್ಷ! ಕ್ರಿ.ಶ. 272ರ ನಾಣ್ಯಗಳಲ್ಲಿ ಔರೇಲಿಯನ್ ಕಾಣೆಯಾಗಿ, ಝೆನೋಬಿಯಾ ಸಾಮ್ರಾಜ್ಞಿಯಾಗಿ ಕಾಣುತ್ತಾಳೆ. ಅದೇ ವರ್ಷ ಅವಳು ಸೋತಳು. ಮತ್ತೆ ಔರೇಲಿಯನ್ ಒಬ್ಬನೇ ಉಳಿದ. ಹೊಂದಾಣಿಕೆ, ಬಂಡಾಯ, ಸೋಲು, ಮೂರೂ ಅಂಗೈಯಗಲದ ಲೋಹದಲ್ಲಿವೆ.

ಮೂರನೆಯ ಪ್ರಶ್ನೆ: ಬೆಳ್ಳಿ ಎಷ್ಟು? ಮೊದಲ ಶತಮಾನದಲ್ಲಿ ಸುಮಾರು 12-13 ಗ್ರಾಂ ತೂಗುತ್ತಿದ್ದ ಈ ನಾಣ್ಯ ಮೂರನೆಯ ಶತಮಾನದ ಕೊನೆಗೆ 7-8 ಗ್ರಾಂಗೆ ಇಳಿಯಿತು. ಮೊದಲಿನಿಂದಲೂ ಅದರಲ್ಲಿ ತಾಮ್ರ ಬೆರೆತಿತ್ತು. ಕೊನೆಗೆ ಬಹುಪಾಲು ತಾಮ್ರವೇ ಉಳಿಯಿತು. ಚಕ್ರವರ್ತಿಯ ಬಿರುದುಗಳು ಮಾತ್ರ ಕಡಿಮೆಯಾಗಲಿಲ್ಲ. ಬರಹ ವೈಭವವನ್ನು ಸಾರಿದರೂ ಲೋಹ ಬೊಕ್ಕಸದ ಬಡತನವನ್ನು ಹೇಳಿತು.

ಸಂಗ್ರಹಿಸುವ ಆಸಕ್ತಿ ಇದ್ದವರಿಗೆ ಒಂದು ಕಿವಿಮಾತು. ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರಗಳು ಅಳಿಯುತ್ತವೆ. ತೂಕ, ಅಳತೆ, ಎರಡೂ ಬದಿಯ ಚಿತ್ರ ಬರೆದಿಡಿ. ಎಲ್ಲಿ ಸಿಕ್ಕಿತೆಂದು ಹೇಳಲಾಗದ ನಾಣ್ಯವನ್ನು ಕೊಳ್ಳಬೇಡಿ. ಈಜಿಪ್ಟ್ 1983ರ ಕಾನೂನಿನಿಂದ ಪ್ರಾಚೀನ ವಸ್ತುಗಳ ವ್ಯಾಪಾರವನ್ನೇ ನಿಷೇಧಿಸಿದೆ. ಕದ್ದು ಅಗೆದ ನಾಣ್ಯ ತನ್ನ ನೆಲದ ಕಥೆಯನ್ನು ಕಳೆದುಕೊಂಡು ಬರೀ ಲೋಹವಾಗುತ್ತದೆ. ಹಣವಿಲ್ಲವೆಂದು ಬೇಸರಪಡಬೇಕಿಲ್ಲ. 'ರೋಮನ್ ಪ್ರಾವಿನ್ಷಿಯಲ್ ಕಾಯ್ನೇಜ್' ಎಂಬ ಬೃಹತ್ ಸೂಚಿ ಅಂತರ್ಜಾಲದಲ್ಲಿ ಉಚಿತವಾಗಿದೆ. ಅದರ ಚಿತ್ರಗಳನ್ನು ನೋಡಿ ಈ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊಂಡು ಪೆಟ್ಟಿಗೆಯಲ್ಲಿ ಇಟ್ಟವನಿಗಿಂತ ಓದಿ ಅರ್ಥ ಮಾಡಿಕೊಂಡವನೇ ನಿಜವಾದ ಸಂಗ್ರಾಹಕ.