ಬಾಲಂಗೋಚಿ ಅಂದ್ರೆ ಬೈಗುಳ ಅಲ್ಲ: ಆಷಾಢದ ಗಾಳಿ, ಕೋಗಿಲಿನ ಆಕಾಶ

1/8 ಎರಡು ಪದ

ಕ್ಲಾಸಲ್ಲಿ ಯಾರಾದ್ರೂ ಒಬ್ಬರ ಹಿಂದೇನೇ ಸುತ್ತುತ್ತಿದ್ರೆ ಏನಂತೀವಿ? "ಅವನ ಬಾಲಂಗೋಚಿ." ಮನೇಲಿ ಹೇಳೋರು ಕೇಳೋರು ಇಲ್ಲದೆ ಓಡಾಡ್ತಿದ್ರೆ? "ಸೂತ್ರ ಕಿತ್ತ ಗಾಳಿಪಟ." ಎರಡು ಮಾತೂ ಗಾಳಿಪಟದ್ದೇ. ಪಟದ ಎದೆಗೆ ಕಟ್ಟೋ ದಾರ ಸೂತ್ರ. ಕೆಳಗಡೆ ಜೋತುಬೀಳೋ ಬಟ್ಟೆಪಟ್ಟಿ ಬಾಲಂಗೋಚಿ. ಸೂತ್ರಕ್ಕೆ ನಮ್ಮ ಭಾಷೆಯಲ್ಲಿ ಭಾರೀ ಮರ್ಯಾದೆ ಸಿಕ್ತು. ಬಾಲಂಗೋಚಿಗೆ ಸಿಕ್ಕಿದ್ದು ಬರೀ ಅವಮಾನ.

ಈ ಸೀರೀಸ್‌ನಲ್ಲಿ ಬಾಲಂಗೋಚಿ ಪರವಾಗಿ ವಾದ ಮಾಡ್ತೀನಿ. ಯಾಕಂದ್ರೆ ಹುಚ್ಚುಗಾಳಿಯಲ್ಲಿ ಗಾಳಿಪಟವನ್ನ ಹದದಲ್ಲಿ ಇಡೋದು ಹೇಗೆ ಅನ್ನೋ ಪ್ರಶ್ನೆಗೆ ಮನುಷ್ಯ ಕಂಡುಕೊಂಡ ಉತ್ತರಗಳ ಇತಿಹಾಸದಲ್ಲಿ ಈ ಹಳೇ ಬಟ್ಟೆ ತುಂಡಿಗೆ ದೊಡ್ಡ ಜಾಗ ಇದೆ. ಆ ಇತಿಹಾಸ ವಿಮಾನದವರೆಗೂ ಹೋಗುತ್ತೆ. ಆಮೇಲೆ ವಾಪಸ್ ನಮ್ಮ ಕೋಗಿಲು ಕ್ರಾಸ್‌ಗೇ ಬರುತ್ತೆ. ಸ್ವೈಪ್ ಮಾಡ್ತಾ ಬನ್ನಿ.

2/8 ನಮ್ಮ ಗಾಳಿ ಯಾವುದು?

ಗಾಳಿಪಟ ಅಂದ ತಕ್ಷಣ ರೀಲ್ಸ್‌ನಲ್ಲಿ ಕಾಣೋದು ಗುಜರಾತಿನ ಸಂಕ್ರಾಂತಿ. ಆದ್ರೆ ಬೆಂಗಳೂರು ಸೀಮೆಯ ಗಾಳಿಪಟದ ಕಾಲ ಆಷಾಢ, ಅಂದ್ರೆ ಜೂನ್–ಜುಲೈ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು ನಮ್ಮದು. ಮುಂಗಾರು ತನ್ನ ಮಳೆಯ ದೊಡ್ಡ ಪಾಲನ್ನ ಪಶ್ಚಿಮ ಘಟ್ಟಕ್ಕೇ ಸುರಿದುಬಿಡುತ್ತೆ. ಆಮೇಲೆ ನಮಗೆ ಬರೋದು ಜಾಸ್ತಿ ಗಾಳಿ, ಕಮ್ಮಿ ಮಳೆ. ಪಡುವಣದಿಂದ ಬೀಸೋ ಆ ಗಾಳಿ ಯಲಹಂಕ ದಾಟಿ, ಕೋಗಿಲಿನ ಮೇಲೆ ಹಾದು, ಮೂಡಣಕ್ಕೆ ಓಡುತ್ತೆ. ಸಂಕ್ರಾಂತಿ ಹೊತ್ತಿಗೆ ಉಲ್ಟಾ, ಮೂಡಣದಿಂದ ಪಡುವಣಕ್ಕೆ.

ಇಲ್ಲಿಂದ ಅದೇ ಉತ್ತರ ದಿಕ್ಕಿಗೆ ಹೋದ್ರೆ ಮಗ್ಗಗಳ ಊರು ದೊಡ್ಡಬಳ್ಳಾಪುರ. ಅಲ್ಲಿ ಆಷಾಢದ ಏಕಾದಶಿ ಬಂತು ಅಂದ್ರೆ ಗಾಳಿಪಟದ ಸ್ಪರ್ಧೆ. ಅದಕ್ಕಂತಲೇ ಗಾಳಿಪಟ ಕಲಾ ಸಂಘ ಇದೆ. ನೂಲಿನ ಊರಲ್ಲಿ ದಾರಕ್ಕೇನು ಬರ ಬಿಡಿ.

ಆಷಾಢದ ಗಾಳಿಯ ಗುಣ ಗೊತ್ತಲ್ಲ? ಒಂದು ನಿಮಿಷ ಸುಮ್ನೆ. ಮರು ನಿಮಿಷ ಕೊಡೆ ತಿರುಗಿಸಿ ಹಾಕುತ್ತೆ. ಇಲ್ಲೊಂದು ಲೆಕ್ಕ ನೆನಪಿಟ್ಕೊಳ್ಳಿ: ಗಾಳಿಯ ವೇಗ 2 ಪಟ್ಟಾದ್ರೆ ಅದರ ಒತ್ತಡ 4 ಪಟ್ಟಾಗುತ್ತೆ. ಗಂಟೆಗೆ 10 ಕಿ.ಮೀ. ಇದ್ದದ್ದು ಇದ್ದಕ್ಕಿದ್ದಂತೆ 30 ಆದ್ರೆ 9 ಪಟ್ಟು. ಪೊರಕೆ ಕಡ್ಡಿ ಮತ್ತು ನ್ಯೂಸ್‌ಪೇಪರ್‌ನಿಂದ ಮಾಡಿದ ಪಟ ಅಷ್ಟು ಹೊಡೆತವನ್ನ ಅರೆಕ್ಷಣದಲ್ಲಿ ತಡ್ಕೊಬೇಕು.

3/8 ಉತ್ತರ ಒಂದು: ಬಾಲ

ಇಲ್ಲೇ ಬಾಲಂಗೋಚಿ ಕೆಲಸಕ್ಕೆ ಬರೋದು. ಅಜ್ಜಿಯ ಹಳೇ ಸೀರೆಯನ್ನ ಉದ್ದುದ್ದ ಹರಿದು ಪಟದ ತುದಿಗೆ ಕಟ್ತಾರೆ. ಅದು ಗಾಳಿಯಲ್ಲಿ ಹಿಂದಕ್ಕೆ ಎಳೆಯುತ್ತೆ. ಎಳೆದಾಗ ಪಟದ ತಲೆ ಗಾಳಿಯ ಕಡೆಗೇ ನಿಲ್ಲುತ್ತೆ. ಪಕ್ಕಕ್ಕೆ ವಾಲಿದ್ರೆ ಬಾಲವೇ ಮತ್ತೆ ನೇರ ಮಾಡುತ್ತೆ.

ಇದರ ಜಾಣತನ ಇರೋದು ಇಲ್ಲಿ: ಗಾಳಿ ಜೋರಾದಷ್ಟೂ ಬಾಲಾನೂ ಅಷ್ಟೇ ಜೋರಾಗಿ ಎಳೆಯುತ್ತೆ. ಗಾಳಿ ಕಮ್ಮಿ ಆದ್ರೆ ತಾನೂ ಸುಮ್ಮನಾಗುತ್ತೆ. ಕೆಳಗೆ ನಿಂತ ಹುಡುಗ ಏನೂ ಮಾಡಬೇಕಿಲ್ಲ. ಹೊಡೆತ ಬಂದ ಕ್ಷಣದಲ್ಲೇ ತಿದ್ದುಪಡಿನೂ ಆಗಿರುತ್ತೆ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಖರ್ಚಂತೂ ಸೊನ್ನೆ.

ಗುಜರಾತಿನ ಪತಂಗಕ್ಕೆ ಈ ಬಾಲ ಇಲ್ಲ, ನಮ್ಮ ಆಷಾಢದ ಪಟಕ್ಕೆ ಇದೆ. ಹದವಾದ ಗಾಳಿಗೆ ಬಾಲ ಭಾರ, ಹುಚ್ಚುಗಾಳಿಗೆ ಅದೇ ಆಧಾರ. ಒಂದೊಂದು ಸೀಮೆಯ ಪಟ ಆ ಸೀಮೆಯ ಗಾಳಿಗೆ ಒಗ್ಗಿಕೊಂಡಿದೆ ಅಂತಲೇ ನಾನು ಇದನ್ನ ಓದ್ಕೊಳ್ಳೋದು.

ಆದ್ರೆ ಬಾಲಕ್ಕೊಂದು ಬೆಲೆ ಇದೆ. ಬಾಲ ಇದ್ದ ಪಟ ಗಂಭೀರವಾಗಿ ನಿಂತಿರುತ್ತೆ, ಕುಣಿಯಲ್ಲ. ಸ್ಟಂಟ್ ಬೇಕು ಅಂದ್ರೆ ಬಾಲ ಬಿಚ್ಚಬೇಕು.

4/8 ಉತ್ತರ ಎರಡು: ಕೈ

ಬಾಲ ಬಿಚ್ಚಿದ ಪಟವೇ ಪತಂಗ. ಮೊಘಲರ ಕಾಲದ ಪುಟ್ಟ ಚಿತ್ರಗಳಲ್ಲೂ ಗಾಳಿಪಟ ಹಾರಿಸೋರು ಕಾಣ್ತಾರೆ. ಹಾಗಾಗಿ ಆಟ ಹಳೇದು. ಪತಂಗಕ್ಕಿರೋದು ಒಂದೇ ದಾರ. ಆದ್ರೂ ಎಡಕ್ಕೆ ತಿರುಗುತ್ತೆ, ಬಲಕ್ಕೆ ತಿರುಗುತ್ತೆ, ಗಿರಗಿರ ಸುತ್ತಿ ಕೆಳಗಿಳಿದು ಮತ್ತೆ ಮೇಲೇರುತ್ತೆ. ಹೇಗೆ?

ದಾರ ಎಳೆದಾಗ ಅಡ್ಡಕಡ್ಡಿ ಬಿಲ್ಲಿನ ಥರ ಬಾಗುತ್ತೆ. ಬಾಗಿದ ಪಟ ಸ್ಥಿರ. ತಲೆ ಯಾವ ಕಡೆ ಇದೆಯೋ ಆ ಕಡೆಗೇ ನುಗ್ಗುತ್ತೆ. ಸಡಿಲ ಬಿಟ್ರೆ ಕಡ್ಡಿ ನೆಟ್ಟಗಾಗುತ್ತೆ, ಪಟ ಸುತ್ತೋಕೆ ಶುರು. ಸುತ್ತುತ್ತಾ ತಲೆ ನಮಗೆ ಬೇಕಾದ ದಿಕ್ಕಿಗೆ ಬಂದ ಕ್ಷಣ ಮತ್ತೆ ಎಳೀಬೇಕು. ಇಷ್ಟೇ ಗುಟ್ಟು. ಎಳೆಯೋದು ಎಲ್ಲರಿಗೂ ಬರುತ್ತೆ. ಎಷ್ಟು ಹೊತ್ತು ಸಡಿಲ ಬಿಡಬೇಕು ಅನ್ನೋದು ಬರೋಕೆ ವರ್ಷಗಳು ಬೇಕು.

ಬಾಲ ತಾನಾಗೇ ಮಾಡ್ತಿದ್ದ ಕೆಲಸ ಈಗ ಬೆರಳಿಗೆ ಬಂತು. ಗಾಳಿಪಟದ ಸ್ಟಂಟ್‌ನ ಇಡೀ ಇತಿಹಾಸ ಇದೇ ಒಂದು ವಾಕ್ಯ.

ಇದರ ಮಧ್ಯೆ ಮೂರನೇ ಉತ್ತರಾನೂ ಇತ್ತು: ಪಟದ ಆಕಾರವನ್ನೇ ಬದಲಿಸೋದು. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಎಡ್ಡಿ ಬಾಲ ಇಲ್ಲದೆಯೂ ಸ್ಥಿರವಾಗಿ ನಿಲ್ಲೋ ಬಾಗಿದ ಪಟ ಮಾಡಿದ್ರು. ಆ ಪಟಗಳು ಹವಾಮಾನದ ಉಪಕರಣಗಳನ್ನ ಹೊತ್ತು ಮೇಲಕ್ಕೆ ಹೋದವು. ಆಸ್ಟ್ರೇಲಿಯಾದ ಲಾರೆನ್ಸ್ ಹಾರ್ಗ್ರೇವ್ ಪೆಟ್ಟಿಗೆಯಂಥ ಪಟ ಮಾಡಿ, 1894ರ ನವೆಂಬರ್ 12ರಂದು ಅಂಥ ನಾಲ್ಕನ್ನ ಸಾಲಾಗಿ ಕಟ್ಟಿ, ತಾವೇ 16 ಅಡಿ ಮೇಲೆದ್ದರು.

5/8 ನಾಲ್ಕು ದಾರ, ಎರಡು ಕೋಲು

ಈಗ ಟೆಕ್ಸ್ಟ್‌ಬುಕ್‌ನಲ್ಲಿ ಅರ್ಧ ವಾಕ್ಯದಲ್ಲಿ ಮುಗಿಯೋ ಕಥೆ. ರೈಟ್ ಸಹೋದರರು ವಿಮಾನ ಕಂಡುಹಿಡಿದ್ರು, 1903. ಸರಿ. ಅದಕ್ಕೂ ಮುಂಚೆ ಏನು ಮಾಡ್ತಿದ್ರು?

1899ರ ಬೇಸಿಗೆಯಲ್ಲಿ ವಿಲ್ಬರ್ ರೈಟ್ ಅಮೆರಿಕದ ಡೇಟನ್ ಊರಲ್ಲಿ ಗಾಳಿಪಟ ಹಾರಿಸ್ತಿದ್ರು. ಎರಡು ಅಂತಸ್ತಿನ ರೆಕ್ಕೆ, ಅಗಲ 5 ಅಡಿ. ವಿಶೇಷ ಏನಂದ್ರೆ ಅದಕ್ಕೆ ನಾಲ್ಕು ದಾರ. ಎರಡೆರಡು ದಾರ ಒಂದೊಂದು ಕೋಲಿಗೆ, ಎರಡು ಕೈಗೆ ಎರಡು ಕೋಲು. ಕೋಲು ವಾಲಿಸಿದ್ರೆ ರೆಕ್ಕೆಯ ತುದಿ ತಿರುಚಿಕೊಳ್ಳುತ್ತೆ, ಪಟ ಪಕ್ಕಕ್ಕೆ ವಾಲುತ್ತೆ. ಗಾಳಿ ಒಂದು ಕಡೆ ಎತ್ತಿ ಹಾಕಿದ್ರೆ ಕೈಯಿಂದಲೇ ಸರಿ ಮಾಡಬಹುದಾ ಅನ್ನೋದೇ ಪರೀಕ್ಷೆ. ಒಂದು ಸಲ ಪಟ ಸುಯ್ಯಂತ ಕೆಳಗೆ ನುಗ್ಗಿ, ನೋಡ್ತಿದ್ದ ಹುಡುಗರು ನೆಲಕ್ಕೆ ಮಲಗಿಬಿಟ್ರಂತೆ.

ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ನಾಲ್ಕು ದಾರದ ಸ್ಟಂಟ್ ಗಾಳಿಪಟ. ಆ ತಿರುಚೋ ರೆಕ್ಕೆಯೇ ಮುಂದೆ ವಿಮಾನಕ್ಕೆ ಹೋಯ್ತು. 1903ರ ಡಿಸೆಂಬರ್ 17ರಂದು ಮೊದಲ ಹಾರಾಟ 12 ಸೆಕೆಂಡ್, ನಾಲ್ಕನೆಯದು 59 ಸೆಕೆಂಡ್. ಆಮೇಲೆ ನೆಲದ ಮೇಲೆ ನಿಂತಿದ್ದ ವಿಮಾನಕ್ಕೆ ಒಂದು ಗಾಳಿ ಹೊಡೆತ ಬಿತ್ತು. ಉರುಳಿ ಮುರಿದೇ ಹೋಯ್ತು. ಆ ದಿನದ ಕೊನೇ ಮಾತು ಗಾಳಿಯದ್ದೇ.

6/8 ಆಟಕ್ಕೆ ವಾಪಸ್ ಬಂದ ಪಟ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಗುರಿ ಹೊಡೆಯೋ ಅಭ್ಯಾಸಕ್ಕೆ ಚಲಿಸೋ ಗುರಿ ಬೇಕಿತ್ತು. ಪಾಲ್ ಗಾರ್ಬರ್ ಅನ್ನೋರು ಎರಡು ದಾರ, ಒಂದು ಚುಕ್ಕಾಣಿ ಇರೋ ಗಾಳಿಪಟ ಮಾಡಿದ್ರು. ಅದರ ಮೇಲೆ ಶತ್ರುವಿಮಾನದ ಚಿತ್ರ. ಅದು ಲಾಗ ಹೊಡೆಯುತ್ತೆ, ಎಂಟರ ಆಕಾರ ಬರೆಯುತ್ತೆ. 1970ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ಅವರ ಎರಡು ದಾರದ ಪಟ ಮಕ್ಕಳ ಕೈ ಸೇರ್ತು. ಅದಕ್ಕೆ ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ಬಾಲ! ಅದರ ದೊಡ್ಡ ಸೊಗಸೇ ಪಟ ಸುತ್ತಿದ ದಾರಿಯನ್ನ ಆಕಾಶದಲ್ಲಿ ಬರೆದು ತೋರಿಸೋದು. ಬಾಲಂಗೋಚಿಗೆ ಕೊನೆಗೂ ಒಂದು ಸ್ಟೇಜ್ ಸಿಕ್ತು.

ಎರಡು ದಾರದ ಪಟಕ್ಕೆ ಸೂಚನೆ ಸರಳ. ಎಡ ಎಳೆದ್ರೆ ಎಡಕ್ಕೆ, ಬಲ ಎಳೆದ್ರೆ ಬಲಕ್ಕೆ. ಕಷ್ಟ ಇರೋದು ಗಾಳಿ ಏರಿಳಿದಾಗ. ಹೊಸಬರು ಹೊಡೆತ ಬಂದಾಗ ಹೆದರಿ ಹಿಂದಕ್ಕೆ ಎಳೀತಾರೆ, ಒತ್ತಡ ಜಾಸ್ತಿ ಆಗಿ ಕಡ್ಡಿ ಮುರಿಯುತ್ತೆ. ಪಳಗಿದವರು ಪಟದ ಕಡೆಗೆ ನಾಲ್ಕು ಹೆಜ್ಜೆ ಹಾಕ್ತಾರೆ, ಒತ್ತಡ ಇಳಿಯುತ್ತೆ. ಗಾಳಿ ಸತ್ತಾಗ ಹಿಂದಕ್ಕೆ ನಡೀತಾರೆ, ಪಟಕ್ಕೆ ಜೀವ ಬರುತ್ತೆ. ಗಾಳಿ ದಿನವಿಡೀ ಜೋರಿದ್ರೆ ಸೂತ್ರದ ಗಂಟನ್ನ ಸ್ವಲ್ಪ ತಲೆಯ ಕಡೆಗೆ ಸರಿಸ್ತಾರೆ. ಆಗ ಪಟ ಗಾಳಿಗೆ ಎದೆ ಕೊಡೋದು ಕಮ್ಮಿ ಆಗುತ್ತೆ. ಆಷಾಢದಲ್ಲಿ ನಮ್ಮ ಒಂಟಿ ದಾರದ ಪಟಕ್ಕೂ ಇದೇ ಮದ್ದು.

7/8 ಕೋಗಿಲಿನ ಆಕಾಶ ಯಾರದ್ದು?

ಮ್ಯಾಪ್ ತೆಗೀರಿ. ಕೋಗಿಲಿನ ಉತ್ತರಕ್ಕೆ ಯಲಹಂಕ ವಾಯುನೆಲೆ. 1996ರಿಂದ ಏರೋ ಇಂಡಿಯಾ ನಡೀತಿರೋದು ಅಲ್ಲೇ. ದಕ್ಷಿಣಕ್ಕೆ ಜಕ್ಕೂರು, ಪೈಲಟ್‌ಗಳಿಗೆ ಹಾರಾಟ ಕಲಿಸೋ ಏರೋಡ್ರೋಮ್. ಅದೇ ಬಳ್ಳಾರಿ ರೋಡಲ್ಲಿ ಇನ್ನೂ ಮುಂದೆ ಹೋದ್ರೆ 2008ರಲ್ಲಿ ಶುರುವಾದ ಕೆಂಪೇಗೌಡ ಏರ್‌ಪೋರ್ಟ್. ವಿಲ್ಬರ್ ರೈಟ್ ಗಾಳಿಪಟದ ಮೊಮ್ಮಕ್ಕಳೆಲ್ಲ ನಮ್ಮ ತಾರಸಿ ಮೇಲೇ ಓಡಾಡ್ತಿವೆ.

ಕಾನೂನು ಕೂಡ ಈ ಸಂಬಂಧ ಮರೆತಿರಲಿಲ್ಲ. ನಮ್ಮ ದೇಶದ 1934ರ ವಿಮಾನ ಕಾಯ್ದೆಯಲ್ಲಿ "ವಿಮಾನ" ಅನ್ನೋ ಪದದ ವ್ಯಾಖ್ಯೆ ನೋಡಿ: ಬಲೂನು, ಏರ್‌ಶಿಪ್, ಗ್ಲೈಡರ್ ಜೊತೆಗೆ ಗಾಳಿಪಟದ ಹೆಸರೂ ಇದೆ! ಆ ಕಾಯ್ದೆಯ ಜಾಗಕ್ಕೆ ಹೊಸದು ಬಂದಿದ್ದು 2025ರ ಜನವರಿ 1ರಿಂದ. ಅಂದ್ರೆ 90 ವರ್ಷ ಕಾಗದದ ಮೇಲೆ ನಿಮ್ಮ ನ್ಯೂಸ್‌ಪೇಪರ್ ಪಟ ಒಂದು ವಿಮಾನ. ನಗು ಬರುತ್ತೆ ನಿಜ. ಆದ್ರೆ ರನ್‌ವೇಗೆ ಇಳಿಯೋ ಸಣ್ಣ ವಿಮಾನದ ದಾರಿಯಲ್ಲಿ ದಾರ ಅಡ್ಡ ಬಂದ್ರೆ ಅದು ಜೋಕ್ ಅಲ್ಲ. ಏರೋಡ್ರೋಮ್ ಹತ್ತಿರ ಹಾರಿಸಲೇಬೇಡಿ.

ಗಾಳಿನೂ ಮೊದಲಿನಂತಿಲ್ಲ. ಬಯಲಲ್ಲಿ ನೇರ ಬರ್ತಿದ್ದ ಗಾಳಿ ಈಗ ಅಪಾರ್ಟ್‌ಮೆಂಟಿಗೆ ಗುದ್ದಿ ಒಡೆದು ಸುಳಿಯಾಗಿ ಬರುತ್ತೆ. ಕಟ್ಟಡದ ಎತ್ತರದ ಎಷ್ಟೋ ಪಟ್ಟು ದೂರದವರೆಗೂ ಆ ಸುಳಿ ಇರುತ್ತೆ. "ಈಗೀಗ ಪಟ ನಿಲ್ಲೋದೇ ಇಲ್ಲ" ಅಂತೀರಲ್ಲ, ತಪ್ಪು ನಿಮ್ಮದಲ್ಲ. ಹಿಂದೆ ಕಟ್ಟಡ ಇಲ್ಲದ, ಪಡುವಣ ತೆರೆದಿರೋ ಜಾಗ ಹುಡುಕಿ.

8/8 ದಾರದ ವಿಷಯ

ಗಾಳಿಯನ್ನ ಓದೋದು ಕಷ್ಟ. ಗಾಜಿನ ಪುಡಿ ಹಚ್ಚಿದ ದಾರದಿಂದ ಕತ್ತರಿಸೋದು ಸುಲಭ. ಹಾಗಾಗಿ ಕೈಯ ಕಸುಬು ಹಿಂದೆ ಬಿದ್ದು ಮಾಂಜಾ ಮುಂದೆ ಬಂತು, ಆಮೇಲೆ ನೈಲಾನ್ ಮಾಂಜಾ. ಕಿತ್ತುಹೋದ ಪಟ ಎಲ್ಲೋ ಬೀಳುತ್ತೆ, ದಾರ ಮಾತ್ರ ಮರಕ್ಕೂ ಕಂಬಕ್ಕೂ ನಡುವೆ ಉಳಿಯುತ್ತೆ. ಹತ್ತಿಯ ದಾರ ಬಿಸಿಲು ಮಳೆಗೆ ಕೊಳೆಯುತ್ತೆ, ನೈಲಾನ್ ಕೊಳೆಯಲ್ಲ. ಬಳ್ಳಾರಿ ರೋಡಲ್ಲಿ ಗಂಟೆಗೆ 60 ಕಿ.ಮೀ.ನಲ್ಲಿ ಬರೋ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತೆ. ಕುತ್ತಿಗೆ ಮಟ್ಟದಲ್ಲಿರೋ ಕಾಣದ ದಾರ ನೋಡಿ ಬ್ರೇಕ್ ಹಾಕೋಕೆ ಸಮಯವೇ ಇರಲ್ಲ. ಹದ್ದಿಗೂ ಅಷ್ಟೇ, ಪಾರಿವಾಳಕ್ಕೂ ಅಷ್ಟೇ. 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮತ್ತು ಸಿಂಥೆಟಿಕ್ ಮಾಂಜಾವನ್ನ ಇಡೀ ದೇಶದಲ್ಲಿ ನಿಷೇಧಿಸ್ತು. ಆದ್ರೂ ಸಿಗುತ್ತೆ ಅನ್ನೋದು ನಿಮಗೂ ಗೊತ್ತು. ಕೊಳ್ಳೋರು ನಾವೇ ಅಲ್ವಾ? ನಿಲ್ಲಿಸೋಕೆ ಆಗೋದೂ ನಮ್ಮಿಂದಲೇ.

ಈ ಆಷಾಢಕ್ಕೆ ಬರೀ ಹತ್ತಿ ದಾರ ತಗೊಳ್ಳಿ. ಕರೆಂಟ್ ತಂತಿ ಇಲ್ಲದ ಬಯಲಿಗೆ ಹೋಗಿ. ತಂತಿಗೆ ಸಿಕ್ಕಿದ ಪಟವನ್ನ ಅಲ್ಲೇ ಬಿಟ್ಟುಬಿಡಿ. ಮೊದಲು ಬಾಲಂಗೋಚಿ ಕಟ್ಟಿ ಹಾರಿಸಿ. ಗಾಳಿಯ ಗುಣ ಕೈಗೆ ಹತ್ತಿದ ಮೇಲೆ ಬಾಲವನ್ನ ಸ್ವಲ್ಪ ಸ್ವಲ್ಪವೇ ಕತ್ತರಿಸ್ತಾ ಬನ್ನಿ. ಎಷ್ಟು ಕತ್ತರಿಸಿದ್ರೂ ಪಟ ನಿಲ್ತಿದೆ ಅಂದ್ರೆ ಅಷ್ಟು ಕಲಿತಿದ್ದೀರಿ ಅಂತ ಅರ್ಥ.

ಇನ್ಮೇಲೆ ಯಾರಾದ್ರೂ ನಿಮ್ಮನ್ನ ಬಾಲಂಗೋಚಿ ಅಂದ್ರೆ ಥ್ಯಾಂಕ್ಸ್ ಹೇಳಿ.

ನಿಮ್ಮ ಮನೇಲಿ ಬಾಲಂಗೋಚಿಗೆ ಏನು ಕಟ್ತಿದ್ರು? ಸೀರೆ ಅಂಚಾ, ಪಂಚೆ ತುಂಡಾ? ಅಜ್ಜಿ–ತಾತನ್ನ ಕೇಳಿ ಕಮೆಂಟ್‌ನಲ್ಲಿ ಹಾಕಿ. ಮಾಂಜಾ ತಗೊಳ್ಳೋ ಫ್ರೆಂಡ್‌ಗೆ ಕೊನೇ ಭಾಗ ಕಳಿಸಿ.

#ಕೋಗಿಲು #ಯಲಹಂಕ #ಆಷಾಢದಗಾಳಿ #ಗಾಳಿಪಟ #ಬಾಲಂಗೋಚಿ